ಬುರುಲ್ಚಾಳ ಬಲಗೈ

ಬುರುಲ್ಚಾಳ ಕೈ ಸುಟ್ಟದ್ದು ಹೋಟೆಲಿನ ಇಸ್ತ್ರಿ ಯಂತ್ರದಲ್ಲಿ. ಚಹಾಕ್ಕೆ ಕಾಯಿಸಿದ ನೀರಿನಲ್ಲಿ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಚಹಾದ ನೀರು ಬಿತ್ತು ಅಂತ ಡಾಕ್ಟರಿಗೆ ಹೇಳಿದವಳು ನಾನು.

ನನ್ನ ಹೆಸರು ಜಿಪರಾ. ಬುರುಲ್ಚಾ ನನ್ನ ಊರಿನವಳು. ನಾರಿನ್ ಕಡೆಯ ಕಿರ್ಗಿಜ್ ಹಳ್ಳಿ ನಮ್ಮದು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಇದ್ದದ್ದು ಒಂದು ಕುದುರೆ ಲಾಯ. ನಾನು ರಾಜಧಾನಿ ಬಿಷ್ಕೆಕ್‌ನಲ್ಲಿ ಇಂಗ್ಲಿಷ್ ಓದುತ್ತಿದ್ದೆ, ಅವಳು ಪಶುವೈದ್ಯ ಕಾಲೇಜಿನಲ್ಲಿ ಮೂರನೇ ವರ್ಷ. ಮರಿ ಅಡ್ಡ ಸಿಕ್ಕಿಕೊಂಡಾಗ ಕುರಿಯ ಹೊಟ್ಟೆಯೊಳಗೆ ಕೈ ಹಾಕಿ, ಅದನ್ನು ತಿರುಗಿಸಿ, ಕಾಲು ಹಿಡಿದು ಎಳೆಯುವುದು ಅವಳಿಗೆ ಹದಿನಾಲ್ಕನೇ ವಯಸ್ಸಿಗೇ ಬರುತ್ತಿತ್ತು. ಸಣ್ಣ ಅಂಗೈ, ಉದ್ದ ಬೆರಳು. ಕುರಿ ಈಯುವ ತಿಂಗಳಲ್ಲಿ ಮೂರು ಹಳ್ಳಿಯ ಗಂಡಸರು ಕುದುರೆ ಏರಿ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ನನ್ನಜ್ಜಿ ಅವಳನ್ನು ಕಂಡಾಗಲೆಲ್ಲ ಆ ಕೈಗೆ ದೃಷ್ಟಿ ತೆಗೆಯುತ್ತಿದ್ದಳು.

ನಮ್ಮನ್ನು ಅಮೆರಿಕಕ್ಕೆ ಕರೆಸಿಕೊಂಡವನು ಮೆಲಿಸ್ ಅಣ್ಣ. ಮಾರ್ಕ್ಸ್, ಎಂಗೆಲ್ಸ್, ಲೆನಿನ್, ಸ್ಟಾಲಿನ್ ಇವರ ಮೊದಲ ಅಕ್ಷರಗಳನ್ನು ಪೋಣಿಸಿ ಅವನ ಅಪ್ಪ ಆ ಹೆಸರಿಟ್ಟಿದ್ದ. ಆ ಕಾಲದಲ್ಲಿ ನಮ್ಮ ಕಡೆ ಹಾಗಿಡುವುದಿತ್ತು. ದುಡಿಯುವವರ ದೇವರುಗಳನ್ನೆಲ್ಲ ಹೆಸರಲ್ಲಿ ಹೊತ್ತವನು ದುಡಿಯುವವರನ್ನೇ ಹೋಟೆಲುಗಳಿಗೆ ಸಾಗಿಸಿ ಎರಡು ಅಂತಸ್ತಿನ ಮನೆ ಕಟ್ಟಿಸಿದ. ಹದಿನೈದು ವರ್ಷದಿಂದ ಅಮೆರಿಕದಲ್ಲಿದ್ದಾನೆ. ಚಳಿಗಾಲದಲ್ಲಿ ಊರಿಗೆ ಬಂದು ಕಾಲೇಜು ಹುಡುಗ ಹುಡುಗಿಯರನ್ನು ಆರಿಸುತ್ತಾನೆ. ಬೇಸಿಗೆ ರಜೆಯಲ್ಲಿ ನಾಲ್ಕು ತಿಂಗಳು ಕೆಲಸ, ಜೊತೆಗೆ ಸಂಸ್ಕೃತಿ ವಿನಿಮಯ. ವೀಸಾದ ಕಾಗದದಲ್ಲಿ ಹಾಗೇ ಅಚ್ಚಾಗಿದೆ. ವಿನಿಮಯ ಅಂದರೆ ಕೊಟ್ಟು ತೆಗೆದುಕೊಳ್ಳುವುದು. ನಾವು ಏನು ಕೊಟ್ಟೆವು ಅಂತ ನನಗೆ ಚೆನ್ನಾಗಿ ಗೊತ್ತು.

ಅವನು ಬಂದ ದಿನ ಬುರುಲ್ಚಾಳ ಅಪ್ಪ ಕುರಿ ಕಡಿದರು. ಬೇಯಿಸಿದ ಕುರಿಯ ತಲೆಯನ್ನು ತಟ್ಟೆಯಲ್ಲಿಟ್ಟು ಅವನ ಮುಂದೆ ಸರಿಸಿದರು. ಮನೆಗೆ ಬಂದ ದೊಡ್ಡ ಅತಿಥಿಗೆ ಮಾತ್ರ ಸಲ್ಲುವ ಮರ್ಯಾದೆ ಅದು. ಎಲ್ಲರೂ ಒಂದೇ ರೊಟ್ಟಿಯನ್ನು ಮುರಿದು ತಿಂದೆವು. ಅವನು ಎರಡೂ ಅಂಗೈ ಎತ್ತಿ ಮುಖ ಸವರಿಕೊಂಡು ನಮ್ಮಿಬ್ಬರನ್ನೂ ಹರಸಿದ. ಬುರುಲ್ಚಾಳ ಅಪ್ಪ ಹೇಳಿದರು: "ಅಲ್ಲಿಗೆ ಹೋದ ತಕ್ಷಣ ಪಾಸ್‌ಪೋರ್ಟನ್ನ ಅಣ್ಣನ ಕೈಲಿ ಕೊಟ್ಬಿಡ್ರಮ್ಮ. ನೀವು ಎಲ್ಲಾದ್ರೂ ಬೀಳಿಸ್ಕೊಂಡು ಬಿಡ್ತೀರ."

ಹಾಗೇ ಮಾಡಿದೆವು. ವಿಮಾನ ಇಳಿದ ದಿನವೇ, ಅವನ ವ್ಯಾನಿನಲ್ಲಿ ಕೂತು, ಹನ್ನೊಂದು ಜನ ಕಿರ್ಗಿಜ್ ಹುಡುಗಿಯರು ಪಾಸ್‌ಪೋರ್ಟನ್ನೂ ವಿಮೆಯ ಕಾರ್ಡನ್ನೂ ಅವನ ಕಪ್ಪು ಚೀಲಕ್ಕೆ ಹಾಕಿದೆವು. ಅದೇ ಹೋಟೆಲಿನಲ್ಲಿದ್ದ ಬಲ್ಗೇರಿಯದ ಹುಡುಗಿಯರು ಪಾಸ್‌ಪೋರ್ಟನ್ನು ಹೊಟ್ಟೆಗೆ ಕಟ್ಟಿಕೊಂಡು ಮಲಗುತ್ತಿದ್ದರು. ನಾವು ಅವರನ್ನು ನೋಡಿ ನಗುತ್ತಿದ್ದೆವು. ನಮ್ಮಲ್ಲಿ ಒಂದೇ ರೊಟ್ಟಿ ಮುರಿದವನನ್ನು ಅನುಮಾನಿಸಿದರೆ ಹೆತ್ತ ಅಪ್ಪನಿಗೇ ಉಗಿದ ಹಾಗೆ. ಉಂಡ ಮನೆಗೆ ಅವನು ಎರಡು ಬಗೆಯುತ್ತಾನೆ ಅನ್ನುವುದು ನಮ್ಮ ತಲೆಗೆ ಹೊಳೆಯಲೇ ಇಲ್ಲ.

ಬುರುಲ್ಚಾಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕುರಿಯ ಮೈಯ ಒಂದೊಂದು ಮೂಳೆಗೂ ಲ್ಯಾಟಿನ್ ಹೆಸರು ಹೇಳುತ್ತಿದ್ದಳು, ಇಂಗ್ಲಿಷ್ ಮಾತ್ರ ನಾಲಿಗೆಗೆ ಹತ್ತಲಿಲ್ಲ. ವೀಸಾ ಸಂದರ್ಶನಕ್ಕೆಂದು ಮೆಲಿಸ್ ಅಣ್ಣ ಅವಳಿಗೆ ನಲವತ್ತು ಉತ್ತರ ಬಾಯಿಪಾಠ ಮಾಡಿಸಿದ್ದ. ನನಗೆ ಅಮೆರಿಕದ ಸಂಸ್ಕೃತಿ ತಿಳಿಯುವ ಆಸೆ ಇದೆ. ನನ್ನ ಹವ್ಯಾಸ ಈಜು. ಅವಳು ಹುಟ್ಟಿದಾಗಿನಿಂದ ಈಜಿದವಳಲ್ಲ, ನಮ್ಮ ಹೊಳೆಯ ನೀರಿಗಿಳಿದರೆ ಕಾಲು ಮರಗಟ್ಟುತ್ತದೆ. ಗಿಣಿಪಾಠ ಒಪ್ಪಿಸಿದಳು, ವೀಸಾ ಬಂತು.

ಹೋಟೆಲು ಕಡಲ ದಂಡೆಯ ಮೇಲಿತ್ತು. ನಮಗೆ ಕೊಟ್ಟ ಕೋಣೆ ನೆಲದಡಿಯಲ್ಲಿತ್ತು. ಎಂಟು ಮಂಚ, ಒಂದು ಬಚ್ಚಲು, ಕಿಟಕಿಯಿಲ್ಲ. ಗೋಡೆಯಲ್ಲಿ ನೀರು ಜಿನುಗುತ್ತಿತ್ತು. ನಾನು ದಿನಕ್ಕೆ ಇಪ್ಪತ್ತೆರಡು ರೂಮು ತೊಳೆಯುತ್ತಿದ್ದೆ. ಒಂದು ರೂಮಿಗೆ ಇಪ್ಪತ್ತು ನಿಮಿಷ. ಹಾಸಿಗೆ ಎತ್ತು, ಚಾದರ ಕಿತ್ತು ಹಾಕು, ಹೊಸದು ಬಿಗಿ, ಟಬ್ಬಿನ ಮರಳು ಕೆರೆ, ತೂತಿನಲ್ಲಿ ಸಿಕ್ಕಿದ ಕೂದಲು ಕೈಯಿಂದ ಎಳೆ, ಕುಡಿದವರು ಕಕ್ಕಿದ್ದನ್ನು ಒರೆಸು. ಸಂಜೆ ಹೊತ್ತಿಗೆ ಸೊಂಟ ನನ್ನದಲ್ಲ ಅನಿಸುತ್ತಿತ್ತು. ಉಗುರಿನ ಬುಡ ಬ್ಲೀಚಿಗೆ ಸುಲಿದು ಹೋಗಿತ್ತು.

ಬುರುಲ್ಚಾಗೆ ಮಾತು ಬರುವುದಿಲ್ಲವೆಂದು ಲಾಂಡ್ರಿಗೆ ಹಾಕಿದರು. ಅಲ್ಲಿ ಒಂದು ದೊಡ್ಡ ಇಸ್ತ್ರಿ ಯಂತ್ರ. ಕಾದ ಉರುಳೆಯ ಕೆಳಗೆ ಒದ್ದೆ ಚಾದರವನ್ನು ಎರಡೂ ಕೈಯಿಂದ ತಳ್ಳಬೇಕು, ಆ ಕಡೆ ಒಣಗಿ ಗರಿಗರಿಯಾಗಿ ಬರುತ್ತದೆ. ಉರುಳೆಯ ಮುಂದೆ ಒಂದು ಕೆಂಪು ಸರಳು. ಕೈ ಜಾರಿ ಅದಕ್ಕೆ ತಾಗಿದರೆ ಯಂತ್ರ ನಿಲ್ಲಬೇಕು. ಆದರೆ ಚಾದರದ ಮಡಿಕೆ ತಾಗಿದರೂ ನಿಲ್ಲುತ್ತಿತ್ತು. ಗಂಟೆಗೆ ಹತ್ತು ಸಲ ನಿಂತರೆ ಮುನ್ನೂರು ರೂಮಿಗೆ ಚಾದರ ಸಾಲುವುದಿಲ್ಲ. ಅದಕ್ಕೇ ಮ್ಯಾನೇಜರ್ ಕಾರ್ಲೀನ್ ಹಳೆಯ ದಿಂಬಿನ ಚೀಲ ಹರಿದು, ಆ ಪಟ್ಟಿಯಿಂದ ಸರಳನ್ನು ಮೇಲಕ್ಕೆತ್ತಿ ಕಟ್ಟಿಸಿದ್ದಳು.

ಕಾರ್ಲೀನ್ ಬೈಯುವವಳಲ್ಲ. ಎಲ್ಲರನ್ನೂ ಚಿನ್ನ, ಚಿನ್ನ ಅನ್ನುತ್ತಿದ್ದಳು. ನಮ್ಮ ಯಾರ ಹೆಸರೂ ಅವಳಿಗೆ ಗೊತ್ತಿರಲಿಲ್ಲ.

ಲಾಂಡ್ರಿಯಲ್ಲಿ ಬುರುಲ್ಚಾಳ ಜೊತೆ ಇದ್ದವಳು ಹೈಯಸಿಂತ್. ಜಮೈಕಾದವಳು, ಐವತ್ತು ದಾಟಿದವಳು, ಒಂಬತ್ತು ಬೇಸಿಗೆ ಅದೇ ಹೋಟೆಲಿಗೆ ಬಂದು ದುಡಿದವಳು. ಅವಳ ಮುಂಗೈ ಮೇಲೆ ಬಳೆ ತೊಟ್ಟಂತೆ ಸುಟ್ಟ ಗೆರೆಗಳಿದ್ದವು. ಮೊದಲ ದಿನವೇ ನನ್ನನ್ನು ಕರೆದು ಹೇಳಿದ್ದಳು: "ನಿನ್ನ ಗೆಳತಿಗೆ ಹೇಳು, ಅಂಚು ಹಿಡ್ಕೊಂಡು ತಳ್ಳು ಅಂತ. ಆ ಸರಳು ಸತ್ತು ಹೋಗಿದೆ. ಈ ಯಂತ್ರಕ್ಕೆ ಈಗ ಕಣ್ಣಿಲ್ಲ." ನಾನು ಬುರುಲ್ಚಾಗೆ ಹೇಳಿದೆ. ಅವಳು ನಕ್ಕಳು. "ಕುರಿ ಹೊಟ್ಟೇಲೂ ಕಣ್ಣಿರಲ್ಲ ಕಣೆ, ಕೈ ಹಾಕಲ್ವಾ?"

ಜುಲೈ ಮೂರು. ಮರುದಿನ ಅವರ ದೇಶದ ಹಬ್ಬ. ಹೋಟೆಲು ತುಂಬಿ ತುಳುಕುತ್ತಿತ್ತು. ಬುರುಲ್ಚಾ ಬೆಳಗಿನ ಆರಕ್ಕೆ ನಿಂತವಳು ಮಧ್ಯಾಹ್ನ ಮೂರಾದರೂ ಕೂತಿರಲಿಲ್ಲ. ನಾನು ಕೊಳೆ ಬಟ್ಟೆಯ ಗಾಡಿ ತಳ್ಳಿಕೊಂಡು ಲಾಂಡ್ರಿಗೆ ಬಂದೆ. ಅವಳು ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ಬಲಗೈ ಚಾದರದ ಮಡಿಕೆಯೊಳಗಿತ್ತು. ಉರುಳೆ ಮಡಿಕೆಯನ್ನು ಎಳೆದುಕೊಂಡಿತು. ಕೈಯೂ ಹೋಯಿತು.

ಅವಳು ಕಿರುಚಿದ್ದು ಹೆಣ್ಣಿನ ದನಿಯಾಗಿರಲಿಲ್ಲ. ಹೈಯಸಿಂತ್ ಓಡಿ ಬಂದು ಗೋಡೆಯ ಗುಂಡಿ ಒತ್ತಿದಳು. ಉರುಳೆ ನಿಂತಿತು, ಆದರೆ ಕಾದ ಉರುಳೆ ನಿಂತರೂ ಸುಡುತ್ತದೆ. ಅದನ್ನು ಮೇಲಕ್ಕೆತ್ತುವ ಹಿಡಿಕೆಯನ್ನು ನಾವಿಬ್ಬರೂ ಜೋತುಬಿದ್ದು ತಿರುಗಿಸಿದೆವು. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಕೈ ಹೊರಗೆ ಬಂತು. ಚರ್ಮ ಚಾದರದ ಮೇಲೆ ಉಳಿಯಿತು.

ಕಾರ್ಲೀನ್ ಬಂದಳು. ಮೊದಲು ಯಂತ್ರದ ಹತ್ತಿರ ಹೋಗಿ ಸರಳಿಗೆ ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಆಮೇಲೆ ಬುರುಲ್ಚಾಳ ಹತ್ತಿರ ಬಂದಳು. ಇದನ್ನು ನಾನು ಕಣ್ಣಾರೆ ನೋಡಿದೆ.

ನಮ್ಮಿಬ್ಬರನ್ನೂ ತನ್ನ ಕಾರಿನಲ್ಲಿ ಕೂರಿಸಿಕೊಂಡು ಹೊರಟಳು. ಬುರುಲ್ಚಾ ಹಿಂದಿನ ಸೀಟಿನಲ್ಲಿ ಒದ್ದೆ ಟವೆಲು ಸುತ್ತಿದ ಕೈ ಎತ್ತಿ ಹಿಡಿದು "ಅವ್ವಾ, ಅವ್ವಾ" ಅನ್ನುತ್ತಿದ್ದಳು. ಕಾರ್ಲೀನ್ ನನಗೆ ಹೇಳಿದಳು: "ಕೇಳು ಚಿನ್ನ. ಯಂತ್ರ ಅಂದ್ರೆ ಸರ್ಕಾರದೋರು ಬರ್ತಾರೆ. ಲಾಂಡ್ರಿಗೆ ಬೀಗ ಹಾಕ್ತಾರೆ. ನಿಮ್ಗೆ ವೀಸಾ ಮಾಡಿಸೋ ಏಜೆನ್ಸಿಯೋರು ನಮ್ಮ ಹೋಟ್ಲನ್ನ ಪಟ್ಟಿಯಿಂದ ತೆಗೀತಾರೆ. ನೀವು ನಲವತ್ತು ಜನ ಹುಡುಗ್ರೂ ವಾಪಸ್ ಹೋಗ್ಬೇಕು. ಚಹಾ ಮಾಡೋವಾಗ ಬಿಸಿನೀರು ಬಿತ್ತು ಅನ್ನು. ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ."

ಆಮೇಲೆ ಫೋನ್ ಹಚ್ಚಿ ನನ್ನ ಕಿವಿಗೆ ಕೊಟ್ಟಳು. ಆ ಕಡೆ ಮೆಲಿಸ್ ಅಣ್ಣ. "ತಂಗಿ, ಆಯಮ್ಮ ಹೇಳ್ದಂಗೆ ಹೇಳ್ಬಿಡು. ದೊಡ್ಡೋರ ಮಾತು ಮೀರ್ಬೇಡ. ನಾನಿದೀನಲ್ಲ."

ಎದುರಾಡುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ನಮ್ಮ ಮನೆಯಲ್ಲಿ ದೊಡ್ಡವರು ಮಾತಾಡುವಾಗ ಚಿಕ್ಕವರು ಚಹಾ ಬಗ್ಗಿಸುತ್ತಾರೆ, ಬಾಯಿ ಬಿಡುವುದಿಲ್ಲ. ಇದು ನೆವ ಅಂತ ಗೊತ್ತು. ಆದರೂ ಹೇಳುತ್ತಿದ್ದೇನೆ.

ಅದೊಂದು ಸಣ್ಣ ಕ್ಲಿನಿಕ್ಕು. ನರ್ಸು ಬುರುಲ್ಚಾಳನ್ನೇ ಕೇಳಿದಳು, ಹೇಗಾಯಿತು ಅಂತ. ಬುರುಲ್ಚಾ ಅವಳ ಮುಖ ನೋಡಿದಳು.  ಅವಳಿಗೆ ಗೊತ್ತಿದ್ದದ್ದು ಆ ನಲವತ್ತು ಉತ್ತರ ಮಾತ್ರ. "ನನಗೆ ಅಮೆರಿಕದ ಸಂಸ್ಕೃತಿ ತಿಳಿಯುವ ಆಸೆ ಇದೆ," ಅಂದಳು. ನರ್ಸು ಮತ್ತೆ ಕೇಳಿದಳು. "ನನ್ನ ಹವ್ಯಾಸ ಈಜು," ಅಂದಳು ಬುರುಲ್ಚಾ. ಕಣ್ಣಿನಿಂದ ನೀರು ಸುರಿಯುತ್ತಿತ್ತು.

ನರ್ಸು ನನ್ನ ಕಡೆ ತಿರುಗಿದಳು. ಕಾರ್ಲೀನಳ ಅಂಗೈ ನನ್ನ ಬೆನ್ನ ಮೇಲಿತ್ತು. ನಾನು ಹೇಳಿದೆ, ಚಹಾದ ನೀರು ಅಂತ. ಡಾಕ್ಟರು ಮುದುಕ. ಕೈಯನ್ನು ತಿರುಗಿಸಿ ನೋಡಿ, "ಚಹಾದ ನೀರಾ? ಅಂಗೈ, ಹಿಂಗೈ ಎರಡೂ ಒಂದೇ ಸಮ ಬೆಂದಿದೆಯಲ್ಲಮ್ಮ?" ಅಂದ. ನಾನು ಹೌದು ಅಂದೆ. ಅವನು ಬರೆದುಕೊಂಡ. ಸೇತುವೆ ದಾಟಿದರೆ ದೊಡ್ಡ ಆಸ್ಪತ್ರೆ, ಅಲ್ಲಿ ಸುಟ್ಟಗಾಯಕ್ಕೇ ಬೇರೆ ವಿಭಾಗವಿದೆ, ನಾಳೆಯೇ ಕರೆದೊಯ್ಯಿರಿ, ತಡಮಾಡಿದರೆ ಬೆರಳು ಉಳಿಯುವುದಿಲ್ಲ ಅಂದ. "ಖಂಡಿತ, ಖಂಡಿತ," ಅಂದಳು ಕಾರ್ಲೀನ್.

"ಏನಂತೆ?" ಅಂತ ಬುರುಲ್ಚಾ ಕೇಳಿದಳು.

"ವಾಸಿಯಾಗುತ್ತಂತೆ," ಅಂದೆ.

ನಾಳೆ ಹಬ್ಬವಾಗಿತ್ತು. ಕಾರ್ಲೀನಳಿಗೆ ಬಿಡುವಿರಲಿಲ್ಲ. ನಾಡಿದ್ದು ಶನಿವಾರ, ರೂಮು ಖಾಲಿಯಾಗುವ ದಿನ, ಆಗಲೂ ಬಿಡುವಿರಲಿಲ್ಲ. ನಾನು ದಿನಾ ಬೆಳಿಗ್ಗೆ ಅವಳ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. "ನಾಳೆ ಚಿನ್ನ," ಅನ್ನುತ್ತಿದ್ದಳು. ಮೂರನೇ ದಿನ ಗೋಡೆಯ ಮೇಲಿನ ಕೆಲಸದ ಪಟ್ಟಿಯಲ್ಲಿ ಬುರುಲ್ಚಾಳ ಹೆಸರು ಇರಲಿಲ್ಲ. ಮೆಲಿಸ್ ಅಣ್ಣನಿಗೆ ಫೋನ್ ಮಾಡಿದರೆ, "ಬರ್ತಿದೀನಿ ತಂಗಿ, ದಾರೀಲಿದೀನಿ," ಅನ್ನುತ್ತಿದ್ದ. ಮೂರು ದಿನ ದಾರಿಯಲ್ಲೇ ಇದ್ದ.

ನಾನು ಅವಳ ತಲೆ ಬಾಚುತ್ತಿದ್ದೆ. ಬಚ್ಚಲಿಗೆ ಕರೆದೊಯ್ದು ಪ್ಯಾಂಟಿನ ಗುಂಡಿ ಹಾಕಿಕೊಡುತ್ತಿದ್ದೆ. ಹೋಟೆಲಿನ ಅತಿಥಿಗಳು ಬಿಟ್ಟ ಊಟದಲ್ಲಿ ಮೆತ್ತಗಿದ್ದದ್ದನ್ನು ಆರಿಸಿ ತಂದು ತಿನ್ನಿಸುತ್ತಿದ್ದೆ. ನಾಲ್ಕನೇ ದಿನ ಜ್ವರ ಬಂತು. ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಾಗ ವಾಸನೆ ಕೋಣೆ ತುಂಬಿತು. ಉಳಿದ ಹುಡುಗಿಯರು ಹಾಸಿಗೆ ಎತ್ತಿಕೊಂಡು ಹೊರಗಿನ ಓಣಿಗೆ ಹೋದರು.

ಬುರುಲ್ಚಾ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿದಳು. ಪಶುವೈದ್ಯಳ ಹಾಗೆ, ಯಾರದ್ದೋ ಕೈಯನ್ನು ನೋಡುವ ಹಾಗೆ.

"ಗೊರಸು ಕೊಳೆತಾಗ ಹಿಂಗೇ ನಾತ ಹೊಡಿಯುತ್ತೆ ಜಿಪರಾ. ಕುರಿಗಾಗಿದ್ರೆ ಇಷ್ಟೊತ್ತಿಗೆ ನಾನೇ ಕೊಯ್ದು ಮದ್ದು ಹಾಕಿರ್ತಿದ್ದೆ. ಇವ್ರ ಡಾಕ್ಟ್ರು ಯಾಕೆ ಸುಮ್ನಿದಾರೆ? ವಾಸಿಯಾಗುತ್ತೆ ಅಂದ್ರಲ್ಲ?"

ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದೂ ಒಂದು ಸುಳ್ಳೇ.

ಐದನೇ ದಿನ ಬೆಳಿಗ್ಗೆ ಲಾಂಡ್ರಿಯಲ್ಲಿ ಹೈಯಸಿಂತ್ ನನ್ನ ಗಾಡಿಗೆ ಅಡ್ಡ ನಿಂತಳು.

"ಆ ಹುಡುಗೀನ ಇನ್ನೂ ಆಸ್ಪತ್ರೆಗೆ ಕರ್ಕೊಂಡು ಹೋಗಿಲ್ವಂತೆ?"

"ಕಾರ್ಲೀನ್ ನಾಳೆ ಅಂತಾಳೆ ಅಕ್ಕ."

"ಕ್ಲಿನಿಕ್ಕಲ್ಲಿ ಏನಂತ ಬರೆಸಿದೆ?"

ನಾನು ತಲೆ ತಗ್ಗಿಸಿದೆ. ಅವಳು ನನ್ನ ಗಲ್ಲ ಹಿಡಿದು ಎತ್ತಿದಳು. "ಹೇಳೇ. ಏನಂತ ಬರೆಸಿದೆ?"

"ಚಹಾ ಅಂತ."

"ಅಯ್ಯೋ ನಿನ್ನ ಬಾಯಿಗೆ ಮಣ್ಣು ಹಾಕ!" ಅವಳು ಯಂತ್ರದ ಮೇಲೆ ಕೈ ಕುಟ್ಟಿದಳು. "ಕೆಲ್ಸದಲ್ಲಿ ಕೈ ಹೋದ್ರೆ ಹೋಟ್ಲೇ ಆ ಕೈ ನೋಡ್ಬೇಕು. ಅದು ಇಲ್ಲಿನ ಕಾನೂನು. ಚಹಾದಲ್ಲಿ ಸುಟ್ಕೊಂಡ್ರೆ ಅವಳ ಕರ್ಮ ಅವಳಿಗೆ. ಅವಳ ಕೈನ ನೀನೇ ಮಾರ್ಬಿಟ್ಟೆ ಹುಡ್ಗಿ, ಅದೂ ಬಿಟ್ಟಿ ಮಾರ್ಬಿಟ್ಟೆ."

"ನೀನು ನೋಡಿದೀಯಲ್ಲ ಅಕ್ಕ. ಪಟ್ಟಿ ಬಿಚ್ಚಿದ್ದು ನೋಡಿದೀಯ. ಬಂದು ಹೇಳ್ತೀಯಾ?"

ಅವಳು ಬಾಗಿಲ ಕಡೆ ನೋಡಿದಳು. ದನಿ ಇಳಿಯಿತು. "ನನ್ನ ಎಳೀಬೇಡ ಕಣೆ. ನನ್ನ ವೀಸಾನೂ ಇವರ ಕೈಲೇ ಇದೆ. ಅಲ್ಲಿ ಮೂರು ಮಕ್ಳು ನನ್ನ ದಾರಿ ಕಾಯ್ತಿವೆ. ನಂಗೆ ಧೈರ್ಯ ಇದ್ದಿದ್ರೆ ಒಂಬತ್ತು ವರ್ಷದ ಹಿಂದೇನೇ ಆ ಪಟ್ಟಿ ಕಿತ್ತೆಸೀತಿದ್ದೆ." ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಸಿಟ್ಟಾಗಲಿ?

ಅದೇ ದಿನ ಹನ್ನೊಂದು ಗಂಟೆಗೆ ಮೆಲಿಸ್ ಅಣ್ಣ ಬಂದ. ಕಂಕುಳಲ್ಲಿ ಆ ಕಪ್ಪು ಚೀಲ. ಒಂದು ಕೈಯಲ್ಲಿ ಕಲ್ಲಂಗಡಿ, ಇನ್ನೊಂದರಲ್ಲಿ ನಮ್ಮ ಕಡೆಯ ದುಂಡು ರೊಟ್ಟಿ, ಎಲ್ಲಿಂದ ತಂದನೋ. ನನ್ನನ್ನು ಓಣಿಯಲ್ಲೇ ತಡೆದು ಒಂದು ಕಾಗದ ಕೊಟ್ಟ. ಇಂಗ್ಲಿಷಿನಲ್ಲಿತ್ತು. ಓದಿದೆ.

"ಇದನ್ನ ಆಸ್ಪತ್ರೆ ಕಾಗದ ಅಂತ ಹೇಳಿ ಸೈನ್ ಹಾಕಿಸು," ಅಂದ. "ನಾಳೆ ಮಧ್ಯಾಹ್ನ ವಿಮಾನ. ಟಿಕೆಟ್ಟು ಕಾರ್ಲೀನೇ ಮಾಡಿಸಿದಾಳೆ. ಊರಲ್ಲಿ ಡಾಕ್ಟ್ರಿಗೇನು ಬರನಾ?"

"ಅಣ್ಣ, ಎರಡು ದಿನ ವಿಮಾನದಲ್ಲಿ ಕೂತ್ರೆ ಆ ಕೈ ಉಳಿಯಲ್ಲ."

"ನೀನು ಡಾಕ್ಟ್ರಾ?" ಅವನು ಇನ್ನೂ ನಗುತ್ತಲೇ ಇದ್ದ. "ನೋಡು ತಂಗಿ. ಅವಳ ಜೊತೆ ನೀನೂ ಹೋಗೋ ಹಾಗೆ ಮಾಡ್ಬೇಡ. ಚಹಾ ಅಂತ ಹೇಳ್ದೋಳು ನೀನು. ಈಗ ಅಲ್ಲ ಅಂದ್ರೆ ಡಾಕ್ಟ್ರ ಮುಂದೆ ಸುಳ್ಳು ಹೇಳಿದ್ಲು ಅಂತ ನಿನ್ನನ್ನೇ ಹಿಡೀತಾರೆ. ಮುಂದೆ ಯಾವ ದೇಶಾನೂ ನಿಂಗೆ ವೀಸಾ ಕೊಡಲ್ಲ. ನಿಮ್ಮಮ್ಮಂಗೆ ಏನಂತ ಹೇಳ್ತೀಯ?"

  ಅವನ ಹಿಂದೆಯೇ ಕೋಣೆಯೊಳಗೆ ಹೋದೆ.

ಅವನು ಮಂಚದ ಮೇಲೆ ಕೂತು ಬುರುಲ್ಚಾಳ ಹಣೆ ಮುಟ್ಟಿ ನೋಡಿದ. "ಅಯ್ಯೋ ಮಗಳೇ, ಎಷ್ಟು ಸೊರಗಿದೀಯ." ರೊಟ್ಟಿ ಮುರಿದು ಅವಳ ಬಾಯಿಗಿಟ್ಟ. ಅವಳು ಜ್ವರದಲ್ಲೂ ಎದ್ದು ಕೂತಳು. ಮನೆಯವನೇ ಬಂದ ಹಾಗೆ ಅತ್ತಳು. "ಅಣ್ಣ, ನಂಗೆ ಈ ಕೈ ಬೇಕಣ್ಣ. ನಾಲ್ಕನೇ ವರ್ಷದಲ್ಲಿ ಶಸ್ತ್ರಚಿಕಿತ್ಸೆ ಪಾಠ ಇದೆ."

"ಅದಕ್ಕೇ ಬಂದಿದೀನಿ. ಇದು ಆಸ್ಪತ್ರೆ ಕಾಗದ. ಜಿಪರಾ ಓದಿ ಹೇಳ್ತಾಳೆ. ಸೈನ್ ಹಾಕು, ಮುಗೀತು."

ಬುರುಲ್ಚಾ ಎಡಗೈ ಚಾಚಿದಳು. ಏನು ಬರೆದಿದೆ ಅಂತ ನನ್ನನ್ನೂ ಕೇಳಲಿಲ್ಲ, ಕಾಗದವನ್ನೂ ನೋಡಲಿಲ್ಲ. ಪೆನ್ನನ್ನು ಮಗು ಹಿಡಿಯುವ ಹಾಗೆ ಮುಷ್ಟಿಯಲ್ಲಿ ಹಿಡಿದು ನನ್ನ ಮುಖ ನೋಡಿದಳು.

"ಎಲ್ಲಿ ಹಾಕ್ಲಿ ಜಿಪರಾ? ತೋರ್ಸು."

ಆಸ್ಪತ್ರೆ ಕಾಗದ ಅಂತ ಹೇಳಲು ಬಾಯಿ ತೆರೆದೆ. ನಿಜ ಹೇಳುತ್ತೇನೆ, ಅದನ್ನೇ ಹೇಳಲು ತೆರೆದೆ. ಆದರೆ ಅವಳು ಪೆನ್ನಿನ ತುದಿಯನ್ನು ಕಾಗದದ ಮೇಲೆ ಸುಮ್ಮನೆ ಆಡಿಸುತ್ತಿದ್ದಳು, ನಾನು ತೋರಿಸುವ ಕಡೆ ಹಾಕಲು. ನನ್ನ ಬೆರಳು ಏಳಲಿಲ್ಲ.

"ಹಾಕ್ಬೇಡ," ಅಂದೆ. "ಮೊದ್ಲು ಕೇಳು."

"ಜಿಪರಾ!" ಅಂದ ಮೆಲಿಸ್.

ನಾನು ಓದಿದೆ. ಒಂದೊಂದೇ ಸಾಲು ಓದಿ ಕಿರ್ಗಿಜ್‌ನಲ್ಲಿ ಹೇಳಿದೆ. ನಾನು ಜುಲೈ ಒಂದರಂದು ಸ್ವಂತ ಇಚ್ಛೆಯಿಂದ ಈ ಹೋಟೆಲಿನ ಕೆಲಸ ಬಿಟ್ಟಿದ್ದೇನೆ. ಜುಲೈ ಮೂರರಂದು ನನ್ನ ಕೋಣೆಯಲ್ಲಿ ಚಹಾ ಮಾಡುವಾಗ ನನ್ನದೇ ಅಜಾಗರೂಕತೆಯಿಂದ ಕೈ ಸುಟ್ಟುಕೊಂಡಿದ್ದೇನೆ. ಇದಕ್ಕೂ ಹೋಟೆಲಿಗೂ ಸಂಬಂಧವಿಲ್ಲ. ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ.

 ಮುಗಿದ ಮೇಲೆ ಬುರುಲ್ಚಾ ಕೇಳಿದಳು.

"ಯಾವ ಚಹಾ?"

ನಾನು ಕಾಗದ ಮಡಚಿದೆ.

"ನಾನು ಚಹಾ ಮಾಡ್ಲಿಲ್ವಲ್ಲ. ಚಹಾ ಅಂತ ಯಾರು ಹೇಳಿದ್ದು?"

"ನಾನು," ಅಂದೆ. "ಕ್ಲಿನಿಕ್ಕಲ್ಲಿ. ನಾನೇ ಹೇಳಿದ್ದು. ನಾಳೇನೇ ದೊಡ್ಡಾಸ್ಪತ್ರೆಗೆ ಹೋಗ್ಬೇಕು, ಇಲ್ದಿದ್ರೆ ಬೆರಳು ಉಳಿಯಲ್ಲ ಅಂತ ಡಾಕ್ಟ್ರು ಅಂದ್ರು. ಅದನ್ನೂ ನಾನು ಹೇಳ್ಲಿಲ್ಲ."

ಅವಳು ಎಡಗೈಯಿಂದ ನನ್ನ ಕೆನ್ನೆಗೆ ಹೊಡೆದಳು. ಜ್ವರದ ಕೈ, ಬಲವಿರಲಿಲ್ಲ. ಎರಡನೇ ಸಲ ಹೊಡೆದಾಗ ಇತ್ತು. ನಾನು ಕೆನ್ನೆ ಮುಚ್ಚಿಕೊಳ್ಳಲಿಲ್ಲ.

ಮೆಲಿಸ್ ನಡುವೆ ಬಂದ. "ಮಗಳೇ, ಅವಳ ಮಾತು ಬಿಡು. ನಾನು ನಿಮ್ಮಪ್ಪನ ಮನೇಲಿ ರೊಟ್ಟಿ ಮುರಿದೋನು. ನಿಂಗೆ ಮೋಸ ಮಾಡ್ತೀನಾ?"

ಅವಳು ಬಾಯಲ್ಲಿದ್ದ ರೊಟ್ಟಿಯನ್ನು ಉಗಿದಳು. ನಮ್ಮಲ್ಲಿ ರೊಟ್ಟಿಯ ಚೂರು ನೆಲಕ್ಕೆ ಬಿದ್ದರೂ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಇಪ್ಪತ್ತು ವರ್ಷದಲ್ಲಿ ಅವಳು ರೊಟ್ಟಿ ಉಗಿದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನಮ್ಮಪ್ಪ ನಿಂಗೆ ಕುರಿ ತಲೆ ಕೊಟ್ಟ," ಅಂದಳು. "ನಿಂಗೆ ಅದು ಸಾಲ್ಲಿಲ್ಲ. ಕೈನೂ ಬೇಕಾಯ್ತು."

ಕಾಗದವನ್ನು ಕಿತ್ತುಕೊಂಡಳು. ಒಂದೇ ಕೈಯಲ್ಲಿ ಹರಿಯಲಾಗಲಿಲ್ಲ. ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಎಡಗೈಯಿಂದ ಎಳೆದಳು. ಹರಿಯಿತು. ಮತ್ತೆ ಕಚ್ಚಿ ಎಳೆದಳು. ಚೂರುಗಳನ್ನು ಅವನ ಬೂಟಿನ ಮೇಲೆ ಉಗಿದಳು.

ಮೆಲಿಸ್ ಎದ್ದು ನಿಂತ. ಆಗ ಅವನ ಬಾಯಿಂದ ತಂಗಿಯೂ ಬರಲಿಲ್ಲ, ಮಗಳೂ ಬರಲಿಲ್ಲ. "ಸಂಜೆಯೊಳಗೆ ಕೋಣೆ ಖಾಲಿ ಮಾಡಿ ಇಬ್ರೂ. ಪಾಸ್‌ಪೋರ್ಟಿಲ್ದೆ ಈ ದೇಶದಲ್ಲಿ ನೀವು ಬೀದಿ ನಾಯಿಗಳು. ಮೂರು ದಿನ ಸಾಕು, ನಿಮ್ಮಪ್ಪಂದಿರು ಫೋನಲ್ಲಿ ನನ್ನ ಕಾಲಿಗೆ ಬೀಳ್ತಾರೆ."

"ಪಾಸ್‌ಪೋರ್ಟ್ ಕೊಡು," ಅಂದೆ. ಚೀಲಕ್ಕೆ ಕೈ ಹಾಕಿದೆ. ಅವನು ಮೊಣಕೈಯಿಂದ ಎದೆಗೆ ತಿವಿದ. ನಾನು ಮಂಚದ ಕಬ್ಬಿಣಕ್ಕೆ ಬಡಿದುಕೊಂಡು ಬಿದ್ದೆ. ಅವನು ಹೋದ. ಕಲ್ಲಂಗಡಿ ಅಲ್ಲೇ ಉಳಿಯಿತು.

ಆಂಬುಲೆನ್ಸ್ ಕರೆಯಲು ನಮಗೆ ಧೈರ್ಯವಿರಲಿಲ್ಲ. ಕರೆದರೆ ಪೊಲೀಸರೂ ಬರುತ್ತಾರೆ ಅಂತ ಎಲ್ಲರೂ ಹೇಳಿ ಹೇಳಿ ಹೆದರಿಸಿದ್ದರು. ಹೋಟೆಲಿನ ಹಿಂದೆ ಹುಡುಗಿಯರ ಹಳೆಯ ಸೈಕಲ್ಲುಗಳಿದ್ದವು. ಒಂದನ್ನು ತೆಗೆದುಕೊಂಡೆ. ಬುರುಲ್ಚಾಳನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿದೆ. ಅವಳು ಎಡಗೈಯಿಂದ ನನ್ನ ಸೊಂಟ ಹಿಡಿದಳು. ಕ್ಷಮಿಸಿ ಹಿಡಿದದ್ದಲ್ಲ, ಬೀಳಬಾರದೆಂದು ಹಿಡಿದದ್ದು.

ಏಳು ಮೈಲಿ. ಮಟಮಟ ಮಧ್ಯಾಹ್ನದ ಬಿಸಿಲು. ದಂಡೆಯಲ್ಲಿ ಜನ ಬಣ್ಣದ ಛತ್ರಿಗಳ ಕೆಳಗೆ ಮಲಗಿದ್ದರು. ನಾನು ರೂಮುಗಳಲ್ಲಿ ಮಡಚಿಟ್ಟ ಟವೆಲುಗಳನ್ನೇ ಹಾಸಿಕೊಂಡಿದ್ದರು. ಸೇತುವೆಯ ಏರಿನಲ್ಲಿ ತುಳಿಯಲಾಗಲಿಲ್ಲ. ಇಳಿದು ತಳ್ಳಿದೆ. ಕಾರುಗಳು ಹಾರ್ನ್ ಹೊಡೆದು ದಾಟಿಹೋದವು. ಒಬ್ಬ ಗಾಜು ಇಳಿಸಿ, "ಪಕ್ಕಕ್ಕೆ ಸಾಯಿ," ಅಂತ ಕೂಗಿದ. ಏರು ಮುಗಿದು ಮತ್ತೆ ಹತ್ತಿ ತುಳಿದಾಗ ಬುರುಲ್ಚಾಳ ತಲೆ ನನ್ನ ಬೆನ್ನಿಗೆ ಒರಗಿತು. ಸತ್ತಳೇನೋ ಅಂತ ಎರಡು ಸಲ ನಿಲ್ಲಿಸಿ ನೋಡಿದೆ.

"ಮಾತಾಡೇ ಬುರುಲ್ಚಾ. ಬೈಯಾದ್ರೂ ಬೈಯಿ."



ಆ ಕೈ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಕಾಯಿಸಿ ಕುತೂಹಲ ಹುಟ್ಟಿಸುವ ಕಥೆಯಲ್ಲ ಇದು. ಅವತ್ತು ಸಂಜೆಯೇ ಎರಡು ಬೆರಳು ತೆಗೆದರು. ಉಳಿದ ಮೂರು ಮಡಚುವುದಿಲ್ಲ. ಮೊದಲ ದಿನವೇ ತಂದಿದ್ದರೆ ಐದೂ ಉಳಿಯುತ್ತಿದ್ದವು ಅಂತ ಅಲ್ಲಿನ ಡಾಕ್ಟರಮ್ಮ ಹೇಳಿದಳು. ಅದನ್ನು ಬುರುಲ್ಚಾಗೆ ಕಿರ್ಗಿಜ್‌ನಲ್ಲಿ ತಿಳಿಸಿದವಳೂ ನಾನೇ, ಒಂದಕ್ಷರ ಬಿಡದೆ. ಆಮೇಲೆ ಸರ್ಕಾರದವರು ಬಂದರು, ಬರೆದುಕೊಂಡರು, ಹೋದರು. ಹೋಟೆಲು ಅದರ ಮುಂದಿನ ವಾರವೂ ತುಂಬಿತ್ತು. ಆ ಚಳಿಗಾಲ ಮೆಲಿಸ್ ಮತ್ತೆ ನಮ್ಮ ಕಡೆ ಬಂದ. ಇನ್ನೊಂದು ಹಳ್ಳಿಯಲ್ಲಿ ಅವನ ಮುಂದೆ ಇನ್ನೊಂದು ಕುರಿಯ ತಲೆ ಇಟ್ಟರು.

ಆದರೆ ಆ ಮಧ್ಯಾಹ್ನ ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಸೈಕಲ್ ಕೆಡವಿ, ಅವಳನ್ನು ಹೆಗಲಿಗೆ ಆನಿಸಿಕೊಂಡು ಒಳಗೆ ಹೋದೆ. ಕೌಂಟರಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ಕೈಗೆ ಸುತ್ತಿದ್ದ ಬಟ್ಟೆ ಕಂಡದ್ದೇ ಗಾಲಿ ಕುರ್ಚಿ ತರಲು ಯಾರಿಗೋ ಕೂಗಿದಳು.

"ಎಲ್ಲಿ ಸುಟ್ಟಿದ್ದು?"

"ಕೆಲಸದಲ್ಲಿ. ಇಸ್ತ್ರಿ ಯಂತ್ರದಲ್ಲಿ." ಹೋಟೆಲಿನ ಹೆಸರು ಹೇಳಿದೆ. ಸರಳನ್ನು ಕಟ್ಟಿಸಿದವಳು, ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡವಳು ಕಾರ್ಲೀನ್ ಅಂದೆ. ಪಾಸ್‌ಪೋರ್ಟು, ವಿಮೆಯ ಕಾರ್ಡು ಮೆಲಿಸ್ ಅನ್ನುವವನ ಚೀಲದಲ್ಲಿವೆ ಅಂದೆ. ಅವಳು ಟೈಪ್ ಮಾಡುತ್ತ ಹೋದಳು. ಹುಟ್ಟಿದ ದಿನ ಕೇಳಿದಳು. ಆಮೇಲೆ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು.

"ಐದು ದಿನದ ಹಿಂದೆ ಕ್ಲಿನಿಕ್ಕಿಗೆ ಹೋಗಿದ್ರಾ? ಇಲ್ಲಿ ಚಹಾದ ನೀರು ಅಂತ ಇದೆಯಲ್ಲ."

"ಅದು ಸುಳ್ಳು."

"ಯಾರು ಹೇಳಿದ ಸುಳ್ಳು?"

ಕುರ್ಚಿಯಲ್ಲಿ ಕುಸಿದಿದ್ದ ಬುರುಲ್ಚಾ ಕಣ್ಣು ತೆರೆದಳು. ದಾರಿಯುದ್ದಕ್ಕೂ ಬಾಯಿ ಬಿಡದವಳು ಈಗ ಕೇಳಿದಳು: "ಏನ್ ಕೇಳ್ತಿದಾಳೆ?"

"ಚಹಾ ಅಂತ ಯಾರು ಹೇಳಿದ್ದು ಅಂತ."

"ಬರೆಸು," ಅಂದಳು. "ಅವರ ಹೆಸರೆಲ್ಲ ಬರೆಸಿದೆಯಲ್ಲ. ನಿನ್ನ ಹೆಸರೂ ಬರೆಸು."

ನಾನು ನನ್ನ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. "ನೀವು ಸಾಕ್ಷಿಯಾ?" ಅಂತ ಆ ಹೆಂಗಸು ಕೇಳಿದಳು. ಅದನ್ನೂ ಬುರುಲ್ಚಾಗೆ ಹೇಳಿದೆ.

ಬುರುಲ್ಚಾ ಸಾಕ್ಷಿಯಲ್ಲವೆಂದು ತಲೆಯಾಡಿಸಿದಳು. ಎಡಗೈಯಿಂದ ಕೌಂಟರಿನ ಅಂಚು ಹಿಡಿದು, ಕುರ್ಚಿಯಿಂದ ಅರ್ಧ ಎದ್ದು, ಪರದೆಯ ಕಡೆ ಬಾಗಿದಳು. ಇಂಗ್ಲಿಷಿಗೂ ಲ್ಯಾಟಿನ್ ಅಕ್ಷರವೇ, ಅದು ಅವಳಿಗೆ ಓದಲು ಬರುತ್ತಿತ್ತು. ಕಾರ್ಲೀನ್, ಮೆಲಿಸ್ ಎರಡೂ ಹೆಸರಿನ ಮೇಲೆ ಬೆರಳಾಡಿಸಿ, ಅವುಗಳ ಕೆಳಗಿನ ಖಾಲಿ ಜಾಗವನ್ನು ತೋರಿಸಿದಳು. ಹೆಂಗಸು ನನ್ನ ಹೆಸರನ್ನು ಅಲ್ಲಿ ಟೈಪ್ ಮಾಡಿದಳು. ಬುರುಲ್ಚಾ ಅದು ಸರಿಯಾಗಿದೆಯೇ ಅಂತ ಎರಡು ಸಲ ಓದಿದಳು. ಆಮೇಲೆ ಕೂತಳು.